ಒಂದು ಇಂಚು ಇಪ್ಪತ್ತು ಸೆಂಟ್

ನಿನ್ನೆ ರಾತ್ರಿ ಹೂಮಳೆ ಬಿತ್ತು.
ಪಾಲಿಬೆಟ್ಟದ ಆಫೀಸಿನಲ್ಲಿ ಬೆಳಿಗ್ಗೆ ಎಲ್ಲರಿಗೂ ಖುಷಿ,
ಟಪಾಲು ಹಂಚುವ ಯಂತ್ರವೊಂದನ್ನು ಬಿಟ್ಟು.

ಸಿಡಿಲಿಗೆ ಕರೆಂಟು ಹೋದ ಗಳಿಗೆಯಲ್ಲಿ
ಅದು ಯಾರದೋ ವಿಳಾಸ ಬರೆಯುತ್ತಿತ್ತು.
ಯುಪಿಎಸ್‌ನ ಹೊಸ ಬ್ಯಾಟರಿ ಮೂರು ವರ್ಷದಿಂದ
ಮ್ಯಾನೇಜರ್ ಉತ್ತಯ್ಯನವರ ಸಹಿಗೆ ಕಾದಿದೆ.
ಅರ್ಧ ಬರೆದ ಅಕ್ಷರದ ಮೇಲೆ ಕತ್ತಲು ಬಿದ್ದು
ದಾರಿ ತೋರುವ ಪಟ್ಟಿಗೇ ಮತಿ ತಪ್ಪಿದೆ:
ಮಾಲ್ದಾರೆ ಎಂದರೆ ಹಾಗೆಂದರೇನು ಎನ್ನುತ್ತದೆ,
ತಿತಿಮತಿ ಎಂದರೆ ಸುಮ್ಮನಿರುತ್ತದೆ.

ಗೋಣಿಕೊಪ್ಪದಿಂದ ಸ್ಕೂಟರಿನಲ್ಲಿ ಬಂದೆ.
ಕಾಫಿ ಗಿಡದ ಗಿಣ್ಣುಗಳಲ್ಲಿ ಮೊಗ್ಗು
ಇನ್ನೂ ಹಸಿರು, ಇನ್ನೂ ಅನುಮಾನದಲ್ಲಿ.
ಅರಳಲು ಅದಕ್ಕೆ ಎಂಟು ದಿನ ಬೇಕು.
ಉತ್ತಯ್ಯನವರಿಗೆ ಹತ್ತು ಗಂಟೆಯೊಳಗೆ ಬೇಕು.

ಸರದಿಯಲ್ಲಿ ಮುನ್ನೂರ ಹದಿನಾರು ಕಾಗದ.
ಒಂದೆರಡನ್ನು ತೆರೆಯಬೇಕಾಯಿತು, ತೆರೆದೆ.
ಬರೀ ಮಳೆ.
ಒಂದು ಇಂಚು ಇಪ್ಪತ್ತು ಸೆಂಟ್, ಮೇಲಿನ ತೋಟ.
ಎಂಬತ್ತು ಸೆಂಟ್, ಹೊಳೆ ಬದಿ.
ಇಲ್ಲಿ ಗುಡುಗು ಮಾತ್ರ, ಸೊನ್ನೆ, ಸ್ಪ್ರಿಂಕ್ಲರಿಗೆ ಡೀಸೆಲ್ ಕಳಿಸಿ.
ಒಬ್ಬ ರೈಟರ್ ಬರೆದಿದ್ದಾನೆ:
ಅಳತೆಯ ಗಾಜು ಒಡೆದಿದೆ, ಆದರೂ ಚೆನ್ನಾಗಿ ಬಿದ್ದಿದೆ ಸಾರ್.
ರಾತ್ರಿ ನೆಲಕ್ಕೆ ಬಿದ್ದ ಮಳೆ
ಇಲ್ಲಿ ಬೀಳಲು ಜಾಗ ಗೊತ್ತಾಗದೆ
ಪೆಟ್ಟಿಗೆಯೊಳಗೆ ನಿಂತಿತ್ತು.

ಕೆಟ್ಟ ಪಟ್ಟಿಯನ್ನೇ ತಿದ್ದುವವರಿದ್ದಾರೆ.
ನಾನು ತಿದ್ದುವುದಿಲ್ಲ, ಅಳಿಸುವುದೂ ಇಲ್ಲ.
ಹೆಸರಿನ ಕೊನೆಗೆ ತಾರೀಕು ಸೇರಿಸಿ ಪಕ್ಕಕ್ಕಿಟ್ಟು
ಅದು ಹುಟ್ಟಿದ ಕಡತವನ್ನು ಹುಡುಕುತ್ತೇನೆ,
ಮನುಷ್ಯರು ಬರೆದದ್ದನ್ನು,
ಎಡಕ್ಕೆ ಹೆಸರು, ಬಲಕ್ಕೆ ದಾರಿ.

ಸಿಕ್ಕಿತು. ಸಿಸಿಲಿಯಾ ಡಿಸೋಜ ಅವರ ಕೈಬರಹ.
ಕೀಲಿಮಣೆಗೂ ಕೈಬರಹ ಇರುತ್ತದೆಂದು ಆಗ ಗೊತ್ತಾಯಿತು.
ಮುಂದೊಂದು ಹ್ಯಾಷ್ ಗುರುತಿಟ್ಟರೆ
ಯಂತ್ರ ಆ ಸಾಲನ್ನು ದಾಟಿಹೋಗುತ್ತದೆ.
ಆ ಮರೆಯಲ್ಲಿ ಕೂತು ಇಪ್ಪತ್ತು ವರ್ಷ ಬರೆದಿದ್ದಾರೆ:

# ಬೆಳ್ಯಪ್ಪ ರೈಟರ್. ಸಂಜೆ ಆರರ ಮೇಲೆ ಕನ್ನಡಕ ಹಾಕುವುದಿಲ್ಲ, ಫೋನ್ ಮಾಡಿ.
# ಈ ತೋಟ ಮಾರಿಹೋಯಿತು. ಕಾಗದ ಬಂದರೆ ನನಗೇ ಬರಲಿ.
# ಮೊಯ್ದು ಮೇಸ್ತ್ರಿ ಮಗಳ ಫೋನಿನಲ್ಲಿ ನೋಡುತ್ತಾರೆ. ಬೈಗುಳ ಬೇಡ.
# ತೀರಿಕೊಂಡರು. ಸಾಲು ತೆಗೆಯಲು ಮನಸ್ಸಾಗಲಿಲ್ಲ.

ಹೊಸ ಪಟ್ಟಿ ಕಟ್ಟು ಎಂದೆ.
ಇನ್ನೂರ ಹದಿನಾಲ್ಕನೇ ಸಾಲಿನಲ್ಲಿ ತಗಾದೆ ತೆಗೆಯಿತು:
ಒಂದೇ ಹೆಸರು ಎರಡು ಸಲ. ಅಪ್ಪಚ್ಚು, ಅಪ್ಪಚ್ಚು.
ಸುಂಟಿಕೊಪ್ಪಕ್ಕೆ ಫೋನ್ ಮಾಡಿದೆ.
"ಒಬ್ಬ ಗಟ್ಟಿ ಮಾತಾಡುವವ, ಇನ್ನೊಬ್ಬ ಮಾತೇ ಆಡದವ" ಎಂದರು.
ಯಂತ್ರಕ್ಕೆ ಅಷ್ಟು ಸಾಲದು ಮೇಡಂ.
ನಕ್ಕರು. ಹಿಂದೆ ಎಲ್ಲೋ ಕುಕ್ಕರ್ ಕೂಗಿತು.
"ಗಟ್ಟಿಯವನು ಕುಟ್ಟಕ್ಕೆ ಹೋದ. ಮೆಲ್ಲಗಿನವನು ಅಲ್ಲೇ ಇದ್ದಾನೆ.
ಅವನದು ಸರಿಯಾಗಿದೆಯಾ ಎರಡು ಸಲ ನೋಡು.
ಬರಲಿಲ್ಲ ಎಂದು ಅವನು ಯಾವತ್ತೂ ಹೇಳುವುದಿಲ್ಲ."

ಎರಡು ಸಲ ನೋಡಿದೆ. ಕಟ್ಟಿದೆ.
ಯಂತ್ರ ಏನೂ ಹೇಳಲಿಲ್ಲ,
ಈ ಕಸುಬಿನಲ್ಲಿ ಅದೇ ಒಳ್ಳೆಯ ಸುದ್ದಿ.
ಮಾಲ್ದಾರೆ ಎಂದೆ; ದಾರಿ ಹೇಳಿತು.
ಸರದಿಯ ಬಾಗಿಲು ತೆಗೆದೆ.

ಮುನ್ನೂರು, ನೂರ ಎಂಬತ್ತು, ನಲವತ್ತು.
ಗೋಡೆಯಾಚೆ ದಮಯಂತಿಯ ಕಂಪ್ಯೂಟರ್
ಟಿಣ್ ಎಂದಿತು. ಮತ್ತೊಮ್ಮೆ. ಆಮೇಲೆ
ತಗಡಿನ ಮೇಲೆ ಶುರುವಾದ ಹಾಗೆ, ಬಿಡುವೇ ಇಲ್ಲದೆ.
ಉತ್ತಯ್ಯನವರು ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ಕೂಡಿಸುತ್ತಾ
"ಬಿದ್ದಿದೆ, ಬಿದ್ದಿದೆ" ಎಂದರು,
ಈಗ ತಾನೇ ಬಿದ್ದಂತೆ.

ಒಂದು ಮಾತ್ರ ಹೋಗಲಿಲ್ಲ.
ತೀರಿಕೊಂಡವರ ಸಾಲಿನದು. ಎತ್ತಿಕೊಳ್ಳುವವರಿಲ್ಲ.
ಯಾರೋ ಈಗಲೂ ಅವರಿಗೆ ಮಳೆ ಬರೆಯುತ್ತಾರೆ:
ತೊಂಬತ್ತೈದು ಸೆಂಟ್.
ಅದನ್ನು ಹಾಗೇ ಬಿಟ್ಟೆ.

ಹೊರಡುವ ಮೊದಲು ಕಡತದ ಕೊನೆಯಲ್ಲಿ
ನಾನೂ ಒಂದು ಹ್ಯಾಷ್ ಇಟ್ಟು ತಾರೀಕು ಬರೆದೆ.
ಬ್ಯಾಟರಿ ಬದಲಿಸಿ ಎಂದೂ ಬರೆದೆ,
ಯಂತ್ರ ಓದದ, ಉತ್ತಯ್ಯನವರೂ ಓದದ
ಆ ಜಾಗದಲ್ಲಿ.